ಹತ್ತಿಯ ದೊರೆ ಪ್ರೇಮಚಂದ ರಾಯಚಂದರು

ಮುಂಬಯಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಾಜಾಬಾಯಿ ಗೋಪುರವೆಂಬ 280 ಅಡಿ ಎತ್ತರದ ಗಡಿಯಾರ ಗೋಪುರವೊಂದಿದೆ. 1878ರಲ್ಲಿ ಕಟ್ಟಿ ಮುಗಿದ ಈ ಗೋಪುರಕ್ಕೆ ಹಣವಿತ್ತವರು, ಅದು ಮುಗಿಯುವುದಕ್ಕೆ ಹನ್ನೆರಡು ವರ್ಷ ಮೊದಲೇ ದಿವಾಳಿಯಾಗಿದ್ದರು. ಅವರೇ ಪ್ರೇಮಚಂದ ರಾಯಚಂದರು. ಗೋಪುರಕ್ಕೆ ಅವರು ಇರಿಸಿದ ಹೆಸರು ತಮ್ಮ ತಾಯಿಯದು.

ಪ್ರೇಮಚಂದರು 1831ರಲ್ಲಿ ಸೂರತ್ತಿನ ಜೈನ ವರ್ತಕರ ಮನೆಯಲ್ಲಿ ಜನಿಸಿದರು. ಕುಟುಂಬ ಮುಂಬಯಿಗೆ ಬಂದು ನೆಲೆಸಿದ ಮೇಲೆ ಎಲ್‌ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಇಂಗ್ಲಿಷ್ ಕಲಿತರು. ಇಂಗ್ಲಿಷ್ ಓದಿ ಬರೆಯಬಲ್ಲ ದೇಶೀಯ ಶೇರು ದಲಾಲಿಗಳಲ್ಲಿ ಇವರೇ ಮೊದಲಿಗರೆಂದು ಪ್ರತೀತಿ. (ನಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು ನಾನು. ಶೇರು ಎಂದರೆ ಅಕ್ಕಿ ಅಳೆಯುವ ಸೇರೆಂದೇ ನಮ್ಮ ತಾಯಿಯವರು ಈಗಲೂ ತಿಳಿದಿದ್ದಾರೆ.)

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಪಾಲು ಹೋಗುತ್ತಿದ್ದುದು ಅಲ್ಲಿಂದಲೇ. ಬಂದರುಗಳು ಮುಚ್ಚಿದೊಡನೆ ಎಲ್ಲರ ಕಣ್ಣೂ ಹಿಂದೂಸ್ಥಾನದ ಮೇಲೆ ಬಿದ್ದಿತು. ನಮ್ಮ ಧಾರವಾಡ, ಹುಬ್ಬಳ್ಳಿ, ಗದಗುಗಳ ಎರೆಭೂಮಿಯಲ್ಲಿ ಅಮೆರಿಕದ ಬೀಜದ ಹತ್ತಿಯನ್ನು ಆಗಲೇ ಬೆಳೆಯುತ್ತಿದ್ದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೂ, ಈ ಹತ್ತಿಯನ್ನು ಕಾರವಾರದ ಬಂದರಿನ ಮೂಲಕ ಸಾಗಿಸಬೇಕೆಂಬ ಒತ್ತಾಯವೇ ಕಾರಣವಾಯಿತು.

ಮುಂಬಯಿಗೆ ಹೊಳೆಯಂತೆ ಹಣ ಹರಿದುಬಂದಿತು. ಹೂಡಲು ಸ್ಥಳ ಸಾಲದೆ ದಿನಕ್ಕೊಂದು ಬ್ಯಾಂಕು, ದಿನಕ್ಕೊಂದು ಕಂಪನಿ ಹುಟ್ಟಿದವು. ಸಮುದ್ರವನ್ನೇ ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ ಐದು ಸಾವಿರ ರೂಪಾಯಿಯ ಶೇರು ಅದರ ಹಲವು ಪಟ್ಟಿಗೆ ಮಾರಾಟವಾಯಿತು. ಇವೆಲ್ಲದರ ನಡುವೆ ಪ್ರೇಮಚಂದರಿದ್ದರು. ಅವರು ತಲೆಯಾಡಿಸಿದರೆ ಸಾಕು, ಬ್ಯಾಂಕ್ ಆಫ್ ಬಾಂಬೆಯಿಂದ ಸಾಲ ದೊರೆಯುತ್ತಿತ್ತು.

ಈ ನಾಲ್ಕು ವರ್ಷಗಳಲ್ಲಿ ಧಾರಣೆ ಒಮ್ಮೆಯೂ ಇಳಿಯಲಿಲ್ಲವೆಂದಲ್ಲ. ಅಮೆರಿಕದಲ್ಲಿ ಸಂಧಿಯಾಗುವುದೆಂಬ ಸುದ್ದಿ ಹಬ್ಬಿದಾಗ ಹತ್ತಿ ಇಳಿಯುತ್ತಿತ್ತು, ಅದರೊಡನೆ ಜನರ ಧೈರ್ಯವೂ ಇಳಿಯುತ್ತಿತ್ತು. ಸುದ್ದಿ ಸುಳ್ಳಾದೊಡನೆ ಧಾರಣೆ ಮತ್ತೆ ಏರುತ್ತಿತ್ತು. ಇಳಿದಾಗ ಕೊಂಡವನು ಜಾಣನೆನಿಸಿದ, ಹೆದರಿ ಮಾರಿದವನು ಹೇಡಿಯೆನಿಸಿದ. ಪೇಟೆ ಕಲಿತ ಪಾಠ ಇದೊಂದೇ. 1865ರ ಏಪ್ರಿಲಿನಲ್ಲಿ ಜನರಲ್ ಲೀ ಶರಣಾದನೆಂಬ ಸುದ್ದಿ ಬಂದಿತು. ಈ ಬಾರಿ ಅದು ವದಂತಿಯಲ್ಲ. ಯಾವ ಕಾರಣದಿಂದ ಹತ್ತಿಗೆ ಬೆಲೆ ಬಂದಿತ್ತೋ ಆ ಕಾರಣವೇ ಹೋಗಿತ್ತು. ಜುಲೈ 1ರಂದು ವಾಯಿದೆ ವ್ಯವಹಾರಗಳ ಲೆಕ್ಕ ತೀರಿಸಬೇಕಾದಾಗ ಕೊಟ್ಟ ಮಾತಿಗೆ ಹಣವಿದ್ದವರೇ ವಿರಳ. 2850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು 87ಕ್ಕೆ ಇಳಿಯಿತು. ಮರುವರ್ಷ ಪ್ರೇಮಚಂದರು ದಿವಾಳಿಯಾದರು. ಆಗ ಅವರಿಗೆ ಮೂವತ್ತೈದು ವರ್ಷ.

ಬ್ಯಾಂಕಿನ ಪತನದ ಬಗ್ಗೆ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು; ಮನಸ್ಸಿಗೆ ಬಂದಂತೆ ಕೊಟ್ಟ ಸಾಲಗಳ ಕಥೆ ಅಲ್ಲಿ ಹೊರಬಿದ್ದಿತು. ಪ್ರೇಮಚಂದರ ದಾನಗುಣವನ್ನು ಹೊಗಳುವವರು ಇದನ್ನು ಹಾರಿಸಿ ಬರೆಯುತ್ತಾರೆ. ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ತನ್ನ ಹಣ ಕಳೆದುಕೊಳ್ಳುವುದು ಬೇರೆ, ಠೇವಣಿದಾರರ ಹಣ ಬೇರೆ.

ಇಳಿದಾಗ ಕೊಳ್ಳುವುದೇ ತಪ್ಪೆಂದು ನಾನು ಹೇಳಲಾರೆ. 2020ರ ಮಾರ್ಚಿನಲ್ಲಿ 26,000ಕ್ಕಿಂತ ಕೆಳಗಿಳಿದಿದ್ದ ಸೆನ್ಸೆಕ್ಸ್ ಮರುವರ್ಷದ ಜನವರಿಯಲ್ಲಿ 50,000 ಮುಟ್ಟಿತು. ಅಂದು ಧೈರ್ಯ ಮಾಡಿದವರು ಗಳಿಸಿದರು. ಅಂದಿನಿಂದ ನಮ್ಮ ಹಾಸ್ಟೆಲಿನಲ್ಲಿಯೂ ಮೊಬೈಲು ಹಿಡಿದು ಇದೇ ಮಂತ್ರ ಜಪಿಸುವ ಗೆಳೆಯರಿದ್ದಾರೆ. ಆದರೆ ಮೂಡಿಗೆರೆ, ಕಳಸದ ಕಡೆಯವರಿಗೆ ಇನ್ನೊಂದು ಬಗೆಯ ಇಳಿತವೂ ಗೊತ್ತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿಗೆ ಚಿನ್ನದ ಬೆಲೆ ಬಂದಿತು. ಅಲ್ಲಿ ಗಿಡಗಳು ಮತ್ತೆ ಚಿಗುರಿದ ಮೇಲೆ, 2001ರ ಸುಮಾರಿಗೆ, ಕೊಯ್ಲಿನ ಕೂಲಿಯೂ ಹುಟ್ಟದಂತಾಯಿತೆಂದು ಹಿರಿಯರು ಈಗಲೂ ಹೇಳುತ್ತಾರೆ. ಇಳಿತದ ಕಾರಣವೇನೆಂದು ಕೇಳದೆ ಕೊಂಡವನಿಗೆ ಈ ಎರಡು ಇಳಿತಗಳೂ ಒಂದೇ ರೀತಿ ಕಾಣುತ್ತವೆ. ಪ್ರೇಮಚಂದರಂತಹ ಚತುರರಿಗೂ ಹಾಗೆಯೇ ಕಂಡಿರಬೇಕು.

ಅವರು ಮತ್ತೆ ದಲಾಲಿ ವೃತ್ತಿಯನ್ನೇ ಹಿಡಿದು ಮೇಲೆದ್ದರು, ಆದರೆ ಹಿಂದಿನ ವೈಭವ ಬರಲಿಲ್ಲ. ಮುಂಬಯಿಯ ಶೇರು ದಲಾಲಿಗಳು 1875ರಲ್ಲಿ ಕಟ್ಟಿಕೊಂಡ ಸಂಘದ ಸ್ಥಾಪಕರಲ್ಲಿ ಅವರ ಹೆಸರನ್ನೂ ಹೇಳುತ್ತಾರೆ. 1906ರಲ್ಲಿ ತೀರಿಕೊಂಡರು.

ಐಶ್ವರ್ಯದ ದಿನಗಳಲ್ಲಿ ಕೊಟ್ಟದ್ದು ಮಾತ್ರ ಯಾವ ಸಾಲಗಾರನ ಕೈಗೂ ಸಿಕ್ಕಲಿಲ್ಲ. ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಅವರಿತ್ತ ಎರಡು ಲಕ್ಷ ರೂಪಾಯಿಯಿಂದ ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನ ನಡೆಯಿತು. ಅದನ್ನು ಪಡೆದವರಲ್ಲಿ ಸರ್ ಆಶುತೋಷ ಮುಖರ್ಜಿಯವರೂ ಒಬ್ಬರು. ಮುಂಬಯಿಗೆ 1864ರಲ್ಲಿ ಕೊಟ್ಟ ಹಣದಿಂದ ಗ್ರಂಥಾಲಯವೂ ಗೋಪುರವೂ ಎದ್ದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೂ, ಆ ಹತ್ತಿಯನ್ನು ಬೆಳೆದ ಧಾರವಾಡದ ಕಡೆಯ ಮಕ್ಕಳು ಪದವಿ ಪಡೆಯುತ್ತಿದ್ದುದು ಇದೇ ಮುಂಬಯಿ ವಿಶ್ವವಿದ್ಯಾನಿಲಯದಿಂದ.