ಜೆ. ಬಿ. ಎಸ್. ಹಾಲ್ಡೇನ್

ನಾಗಪುರವನ್ನು ಸುತ್ತುವರಿದ ವಿದರ್ಭದ ಆದಿವಾಸಿ ಹಾಗೂ ದಲಿತ ಸಮುದಾಯಗಳಲ್ಲಿ ಕುಡುಗೋಲು ಕಣ ರೋಗ ಇಂದಿಗೂ ವ್ಯಾಪಕವಾಗಿದೆ. ಆಮ್ಲಜನಕ ಕಡಿಮೆಯಾದೊಡನೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಕಿರಿಯ ರಕ್ತನಾಳಗಳನ್ನು ಕಟ್ಟಿ ತೀವ್ರ ನೋವನ್ನುಂಟುಮಾಡುತ್ತವೆ. ಮಿದುಳಿನ ನಾಳಗಳು ಕೆಟ್ಟರೆ ಎಳೆಯ ಮಕ್ಕಳಿಗೂ ಪಾರ್ಶ್ವವಾಯು ಬಡಿಯಬಹುದು. ಇಂಥ ವಂಶವಾಹಿಯೊಂದು ಅಳಿಯದೆ ಉಳಿದುದೇಕೆ ಎಂಬುದನ್ನು ಅರಿಯಲು ದಾರಿ ತೋರಿದವರು ಹಾಲ್ಡೇನರು.

1892ರ ನವೆಂಬರ್ 5ರಂದು ಆಕ್ಸ್‌ಫರ್ಡಿನಲ್ಲಿ ಜನಿಸಿದ ಅವರಿಗೆ ಶರೀರಕ್ರಿಯಾವಿಜ್ಞಾನಿಯಾದ ತಂದೆಯೇ ಮೊದಲ ಗುರು. ವಿಜ್ಞಾನದಲ್ಲಿ ಪದವಿಯನ್ನೇ ಪಡೆಯದ ಈತ ಗಣಿತವನ್ನೂ ಗ್ರೀಕ್, ಲ್ಯಾಟಿನ್ ಸಾಹಿತ್ಯವನ್ನೂ ಓದಿದವರೆಂಬುದು ನಮ್ಮ ವಿಭಾಗಗಳ ವಿದ್ಯಾರ್ಥಿಗಳಿಗೆ ಹಿತವೆನಿಸಬಹುದು. 1935ರಲ್ಲಿ ಅವರು ರಕ್ತ ಹೆಪ್ಪುಗಟ್ಟದ ಹಿಮೋಫೀಲಿಯಾ ರೋಗವನ್ನು ಆಧರಿಸಿ ಮಾನವ ವಂಶವಾಹಿಯ ಉತ್ಪರಿವರ್ತನೆಯ ಪ್ರಮಾಣವನ್ನು ಅಂದಾಜು 50,000ಕ್ಕೆ ಒಂದೆಂದು ಲೆಕ್ಕಹಾಕಿದರು.

ಅವರ ಮತ್ತೊಂದು ಊಹೆ ಇನ್ನೂ ದೂರ ಸಾಗಿತು. ಮೆಡಿಟರೇನಿಯನ್ ಪ್ರದೇಶದ ಥಲಸ್ಸೀಮಿಯಾ ಅಷ್ಟು ಹೆಚ್ಚಾಗಿರುವುದಕ್ಕೆ ಉತ್ಪರಿವರ್ತನೆಯೊಂದೇ ಕಾರಣವಾಗದು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ವಂಶವಾಹಿ ಪಡೆದವರು ಮಲೇರಿಯಾವನ್ನು ತಾಳಿಕೊಳ್ಳುತ್ತಿರಬೇಕೆಂದು ಅವರು 1949ರಲ್ಲಿ ಪ್ರಕಟವಾದ ಬರಹದಲ್ಲಿ ಸೂಚಿಸಿದರು. ಅವರು ನುಡಿದದ್ದು ಥಲಸ್ಸೀಮಿಯಾದ ಬಗ್ಗೆ; ಕುಡುಗೋಲು ಕಣಕ್ಕೂ ಇಂಥದೇ ರಕ್ಷಣೆಯಿದೆಯೆಂಬುದನ್ನು 1954ರಲ್ಲಿ ತೋರಿಸಿದವರು ಆಂಥೊನಿ ಆಲಿಸನ್. ಒಂದು ಸಮುದಾಯದ ರೋಗವನ್ನು ಅದರ ಕುಲದ ಕಳಂಕವೆಂದು ಬಗೆಯುವವರಿಗೆ ಇದಕ್ಕಿಂತ ದಿಟ್ಟ ಉತ್ತರವಿಲ್ಲ: ಅದು ಮಲೇರಿಯಾದ ನಡುವೆ ಬದುಕುಳಿದುದಕ್ಕೆ ತೆತ್ತ ಬೆಲೆ.

ಕಮ್ಯೂನಿಸ್ಟ್ ಪಕ್ಷನಿಷ್ಠೆಯಿಂದಾಗಿ ಲೈಸೆಂಕೊನ ಹುಸಿ ತಳಿವಿಜ್ಞಾನವನ್ನು ಬಹುಕಾಲ ನೇರವಾಗಿ ಖಂಡಿಸದೆ ಹೋದುದು ಅವರ ಬಾಳಿನ ದೊಡ್ಡ ಕೊರತೆ.

1957ರಲ್ಲಿ ಹಾಲ್ಡೇನರು ಲಂಡನ್ ತೊರೆದು ಕಲ್ಕತ್ತೆಗೆ ಬಂದರು. ಸೂಯೆಜ್ ಆಕ್ರಮಣಕ್ಕೆ ಪ್ರತಿಭಟನೆಯೆಂಬುದು ಅವರು ಕೊಟ್ಟ ಕಾರಣ. ಭಾರತದ ಸೆಳೆತ ಅದಕ್ಕಿಂತ ಹಳೆಯದು. ಮರುವರ್ಷವೇ ನಾಗಪುರದ ವೈದ್ಯರಾದ ಶುಕ್ಲ ಮತ್ತು ಸೋಲಂಕಿಯವರು ಮಧ್ಯಭಾರತದಲ್ಲಿ ಕುಡುಗೋಲು ಕಣ ಲಕ್ಷಣವಿರುವುದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಮಾಡಿದರು. 1961ರಲ್ಲಿ ಹಾಲ್ಡೇನರು ಭಾರತದ ಪೌರರಾದರು. ಮರುವರ್ಷ ಭುವನೇಶ್ವರದಲ್ಲಿ ತಳಿವಿಜ್ಞಾನದ ಪ್ರಯೋಗಾಲಯದ ಹೊಣೆ ಹೊತ್ತರು. ಆಂಧ್ರದ ರಕ್ತಸಂಬಂಧಿ ವಿವಾಹಗಳನ್ನು ಅವರ ಶಿಷ್ಯರು ಅಧ್ಯಯನ ಮಾಡಿದರು. ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆ ಕನ್ನಡನಾಡಿಗೂ ಹೊಸದಲ್ಲ. ದಂಪತಿಗಳಿಬ್ಬರೂ ಇಂಥ ವಂಶವಾಹಿಯ ವಾಹಕರಾದರೆ ಪ್ರತಿ ಬಸಿರಿನಲ್ಲೂ ರೋಗಿ ಶಿಶುವಿನ ಸಂಭವ ನಾಲ್ಕರಲ್ಲೊಂದು.

1964ರ ಡಿಸೆಂಬರ್ 1ರಂದು ಅವರು ಭುವನೇಶ್ವರದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು.