ಗುಳಿಗೆ ಬಿಟ್ಟ ಮೇಲೆ ಮುಟ್ಟು ತಡವಾದರೆ ಬಂಜೆತನವೇ? ಡಾ. ಜಾನ್ ರಾಕ್ ಬದುಕು ಹೇಳುವುದೇನು

ಕಮತಗಿಯಿಂದ ಸಂಬಂಧಿಯೊಬ್ಬರು ಕಳಿಸಿದ ಫಾರ್ವರ್ಡ್ ಇದು. ಗರ್ಭನಿರೋಧಕ ಗುಳಿಗೆ ನುಂಗಿದವರಿಗೆ ಅದನ್ನು ಬಿಟ್ಟ ಮೇಲೂ ಮುಟ್ಟು ಬರುವುದಿಲ್ಲ, ಗರ್ಭಕೋಶ ಒಣಗಿಹೋಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂದು ಅದರಲ್ಲಿತ್ತು. ಕೊನೆಗೆ ಕೈಮುಗಿದ ಇಮೋಜಿಗಳು, ಎಲ್ಲ ತಾಯಂದಿರಿಗೂ ತಲುಪಿಸಿ ಎಂಬ ಮನವಿ. ಕಳಿಸಿದವರ ಮನೆಯಲ್ಲಿ ಮಗ್ಗಕ್ಕೆ ಕೂರುವ ಸೊಸೆ ಗುಳಿಗೆ ಬಿಟ್ಟು 40 ದಿನವಾಗಿತ್ತು, ಮುಟ್ಟಾಗಿರಲಿಲ್ಲ. ಎರಡನೇ ಮಗು ಬೇಕೆಂದೇ ಬಿಟ್ಟದ್ದು. ಮನೆಯಲ್ಲಿ ಆಗಲೇ ಮಾತು ಶುರುವಾಗಿತ್ತು.

ಈ ಹೆದರಿಕೆಗೆ ಉತ್ತರ ಗುಳಿಗೆ ಹುಟ್ಟಿದ ಕಥೆಯಲ್ಲೇ ಇದೆ. ಅದನ್ನು ಮೊದಲು ಮಹಿಳೆಯರ ಮೇಲೆ ಪರೀಕ್ಷಿಸಿದ ವೈದ್ಯರಲ್ಲಿ ಪ್ರಮುಖರಾದ ಜಾನ್ ರಾಕ್ ತಮ್ಮ ವೃತ್ತಿಯ ಬಹುಭಾಗ ದುಡಿದದ್ದು ಮಕ್ಕಳಿಲ್ಲವೆಂದು ಕೊರಗುತ್ತಿದ್ದ ದಂಪತಿಗಳಿಗಾಗಿ.

ರಾಕ್ ಹುಟ್ಟಿದ್ದು 1890ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ತರುಣನಾಗಿ ಗ್ವಾಟೆಮಾಲಾದ ಬಾಳೆ ತೋಟದಲ್ಲಿ ಕೆಲಸಕ್ಕೆ ಸೇರಿ, ಅದು ಒಗ್ಗದೆ ವಾಪಸಾಗಿ, 1918ರಲ್ಲಿ ಹಾರ್ವರ್ಡ್‌ನಿಂದ ವೈದ್ಯರಾಗಿ ಹೊರಬಂದರು. ಬ್ರೂಕ್‌ಲೈನ್ ಊರಿನ ಮಹಿಳಾ ಆಸ್ಪತ್ರೆಯಲ್ಲಿ ಬಂಜೆತನದ ಚಿಕಿತ್ಸೆಗೆ ಹೆಸರಾದರು. 1944ರಲ್ಲಿ ಸಹಾಯಕಿ ಮಿರಿಯಮ್ ಮೆಂಕಿನ್ ಜೊತೆಗೂಡಿ ಮನುಷ್ಯರ ಅಂಡವನ್ನು ದೇಹದ ಹೊರಗೆ ಫಲಿತಗೊಳಿಸಿ ತೋರಿಸಿದರು. ಮೊದಲ ಪ್ರನಾಳ ಶಿಶು ಹುಟ್ಟಲು ಆಗಿನ್ನೂ 34 ವರ್ಷ ಬಾಕಿಯಿತ್ತು.

ಅವರು ಶ್ರದ್ಧಾವಂತ ಕ್ಯಾಥೊಲಿಕ್, ಪ್ರತಿ ಬೆಳಿಗ್ಗೆ ಚರ್ಚಿಗೆ ಹೋಗುವವರು, ಐದು ಮಕ್ಕಳ ತಂದೆ. ಆದರೂ 1931ರಲ್ಲಿ, ಗರ್ಭನಿರೋಧಕ ಕೊಡುವುದನ್ನೇ ಅಪರಾಧವೆನ್ನುತ್ತಿದ್ದ ತಮ್ಮ ರಾಜ್ಯದ ಕಾನೂನನ್ನು ತೆಗೆಯಬೇಕೆಂಬ ಮನವಿಗೆ ಸಹಿ ಹಾಕಿದರು. ಸಹಿ ಹಾಕಿದ 15 ವೈದ್ಯರಲ್ಲಿ ಕ್ಯಾಥೊಲಿಕ್ ಅವರೊಬ್ಬರೇ. (ಅದಕ್ಕೂ ಒಂದು ವರ್ಷ ಮೊದಲೇ, 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ಹುನಗುಂದ ಸೀಮೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಆ ಸೌಲಭ್ಯ ಇತ್ತ ಬರಲಿಲ್ಲ.)

ನಮ್ಮ ಪ್ರಶ್ನೆಗೆ ಬೇಕಾದ ಘಟನೆ ನಡೆದದ್ದು 1950ರ ದಶಕದ ಆರಂಭದಲ್ಲಿ. ಬಸಿರಿನಲ್ಲಿ ಇರುವಂಥ ಹಾರ್ಮೋನುಗಳನ್ನು ಕೆಲ ತಿಂಗಳು ಕೊಟ್ಟರೆ ಗರ್ಭಕೋಶ ಬಲಿಯಬಹುದು ಎಂಬುದು ರಾಕ್ ಊಹೆ. ಮಕ್ಕಳಾಗದ 80 ಮಹಿಳೆಯರಿಗೆ ಕೊಟ್ಟು ನೋಡಿದರು. ಹಾರ್ಮೋನ್ ನಡೆಯುವಷ್ಟು ದಿನ ಅಂಡ ಬಿಡುಗಡೆಯಾಗಲಿಲ್ಲ. ನಿಲ್ಲಿಸಿದ ನಾಲ್ಕು ತಿಂಗಳೊಳಗೆ ಅವರಲ್ಲಿ 13 ಮಂದಿ ಬಸಿರಾದರು. ಇದರಿಂದ ಗುಳಿಗೆಯೇ ಬಂಜೆತನದ ಮದ್ದು ಎಂದು ಯಾರೂ ಫಾರ್ವರ್ಡ್ ಮಾಡಬೇಡಿ. ಔಷಧಿ ಪಡೆಯದವರ ಜೊತೆ ಹೋಲಿಸಿ ನೋಡಿದ ಪ್ರಯೋಗ ಅದಲ್ಲ. ಆದರೆ ಅಂಡಾಶಯ ಸತ್ತಿರಲಿಲ್ಲ, ಸುಮ್ಮನಿತ್ತು ಅಷ್ಟೇ ಎಂಬುದಂತೂ ಕಾಣಿಸಿತು.

ಆ ಪ್ರಯೋಗದಲ್ಲಿ ಇನ್ನೊಂದು ಸಂಕಟವಿತ್ತು. ಬಿಡುವಿಲ್ಲದೆ ಹಾರ್ಮೋನ್ ಕೊಟ್ಟಾಗ ಮುಟ್ಟು ನಿಂತುಹೋಗುತ್ತಿತ್ತು, ವಾಕರಿಕೆ ಬರುತ್ತಿತ್ತು. ವರ್ಷಗಟ್ಟಲೆ ಮಗುವಿಗೆ ಕಾದಿದ್ದ ಆ ಹೆಂಗಸರು ತಾವು ಬಸಿರಾದೆವೆಂದೇ ನಂಬುತ್ತಿದ್ದರು. ಅಲ್ಲವೆಂದು ತಿಳಿಸುವುದು ವೈದ್ಯರಿಗೂ ಕಷ್ಟ. ಆಗ ವಿಜ್ಞಾನಿ ಗ್ರೆಗರಿ ಪಿಂಕಸ್ ಒಂದು ದಾರಿ ಸೂಚಿಸಿದರು: 20 ದಿನ ಕೊಡಿ, ಆಮೇಲೆ ಕೆಲ ದಿನ ನಿಲ್ಲಿಸಿ, ರಕ್ತಸ್ರಾವ ಆಗಲಿ. ಪಿಂಕಸ್ ಗರ್ಭ ತಡೆಯಲೆಂದೇ ಅದೇ ಬಗೆಯ ಹಾರ್ಮೋನ್ ಪರೀಕ್ಷಿಸುತ್ತಿದ್ದವರು.

ಇಂದು ಆಶಾ ಕಾರ್ಯಕರ್ತೆಯರು ಕೊಡುವ ಮಾಲಾ-ಎನ್ ಪಟ್ಟಿಯಲ್ಲಿ 21 ಹಾರ್ಮೋನ್ ಗುಳಿಗೆ, 7 ಕಬ್ಬಿಣಾಂಶದ ಗುಳಿಗೆ ಇರುವುದರ ಹಿಂದೆ ಇದೇ ಲೆಕ್ಕವಿದೆ. ಕಬ್ಬಿಣಾಂಶದ ವಾರದಲ್ಲಿ ಹಾರ್ಮೋನ್ ಇಳಿಯುವುದರಿಂದ ಗರ್ಭಕೋಶದ ಒಳಪದರ ಉದುರುತ್ತದೆ. ನೋಡಲು ಮುಟ್ಟಿನಂತೆಯೇ, ಆದರೆ ಅಂಡ ಬಿಡುಗಡೆಯಾಗಿ ಬಂದ ಮುಟ್ಟಲ್ಲ. ಗುಳಿಗೆ ಪೂರ್ತಿ ಬಿಟ್ಟ ಮೇಲೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಮತ್ತೆ ಸಂಕೇತ ಕಳಿಸಬೇಕು, ಅಂಡ ಬೆಳೆಯಬೇಕು, ಹೊರಬೀಳಬೇಕು. ಅದಾಗಿ ಸುಮಾರು ಎರಡು ವಾರಕ್ಕೆ ನಿಜವಾದ ಮುಟ್ಟು. ಹೆಚ್ಚಿನವರಿಗೆ ಇದಕ್ಕೆ 4ರಿಂದ 6 ವಾರ ಸಾಕು, ಕೆಲವರಿಗೆ ಮೂರು ತಿಂಗಳು ಹಿಡಿಯುತ್ತದೆ. ಮೊದಲಿನಿಂದಲೂ ಮುಟ್ಟು ಏರುಪೇರಿದ್ದವರಿಗೆ ಗುಳಿಗೆ ಅದನ್ನು ಮುಚ್ಚಿಟ್ಟಿರುತ್ತದೆ, ಬಿಟ್ಟ ಮೇಲೆ ಹಳೆಯ ಏರುಪೇರೇ ಮರಳಬಹುದು.

ಮುಟ್ಟಿಗಿಂತ ಮೊದಲೇ ಅಂಡ ಬಿಡುಗಡೆಯಾಗುವುದರಿಂದ, ಮುಟ್ಟು ಕಾಣದೆಯೇ ಬಸಿರು ನಿಲ್ಲಬಹುದು. ಹಾಗಾಗಿ ತಡವಾದರೆ ಮೊದಲು ಮಾಡಬೇಕಾದ್ದು ಆಶಾ ಬಳಿ ಸಿಗುವ ನಿಶ್ಚಯ್ ಕಿಟ್‌ನಲ್ಲಿ ಮೂತ್ರ ಪರೀಕ್ಷೆ. ಬಸಿರಲ್ಲ, ಮೂರು ತಿಂಗಳಾದರೂ ಮುಟ್ಟಿಲ್ಲ ಎಂದರೆ ವೈದ್ಯರನ್ನು ಕಾಣಿ. ಥೈರಾಯ್ಡ್, ಪಿಸಿಒಡಿ, ತೂಕದ ಏರಿಳಿತ, ಹೀಗೆ ಕಾರಣ ಬೇರೆ ಇರಬಹುದು. ಅಂತರಾ ಚುಚ್ಚುಮದ್ದಿನ ಲೆಕ್ಕ ಬೇರೆ: ಕೊನೆಯ ಸೂಜಿಯಿಂದ ಗರ್ಭಧಾರಣೆಗೆ 7ರಿಂದ 10 ತಿಂಗಳು ಬೇಕಾಗುವುದು ಸಾಮಾನ್ಯ. ಊರಲ್ಲಿ ಎರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗುವವರಿದ್ದಾರೆ.

ರಾಕ್ ಮತ್ತು ಪಿಂಕಸ್ ಅವರ ಕೆಲಸದಲ್ಲಿ ಕಪ್ಪು ಚುಕ್ಕೆ ಇಲ್ಲವೆಂದಲ್ಲ. 1956ರಲ್ಲಿ ಪೋರ್ಟೊರಿಕೊದ ಬಡ ಹೆಂಗಸರ ಮೇಲೆ ದೊಡ್ಡ ಪರೀಕ್ಷೆ ನಡೆದಾಗ, ಇದು ಪ್ರಯೋಗ ಎಂಬುದನ್ನೇ ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಆಗಿನ ಗುಳಿಗೆಯ ಹಾರ್ಮೋನ್ ಪ್ರಮಾಣವೂ ಈಗಿನದಕ್ಕಿಂತ ಬಹಳ ಹೆಚ್ಚು. ಅಮೆರಿಕದಲ್ಲಿ ಗುಳಿಗೆಗೆ 1957ರಲ್ಲಿ ಸಿಕ್ಕ ಮೊದಲ ಅನುಮತಿ ಮುಟ್ಟಿನ ತೊಂದರೆಗಳಿಗೆ, 1960ರಲ್ಲಿ ಗರ್ಭ ತಡೆಯಲು.

ತಮ್ಮ ಚರ್ಚ್ ಕೂಡ ಗುಳಿಗೆಯನ್ನು ಒಪ್ಪುತ್ತದೆಂದು ರಾಕ್ ನಂಬಿದ್ದರು, ಅದಕ್ಕಾಗಿ 1963ರಲ್ಲಿ ಪುಸ್ತಕವನ್ನೂ ಬರೆದರು. 1968ರಲ್ಲಿ ಪೋಪ್ ಬೇಡವೆಂದರು. ರಾಕ್ ಬರಬರುತ್ತಾ ಚರ್ಚಿನಿಂದ ದೂರವಾದರು. 1984ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಮತಗಿಯ ಸೊಸೆ ಕಿಟ್‌ನಲ್ಲಿ ನೋಡಿಕೊಂಡಳು, ಬಸಿರಿರಲಿಲ್ಲ. 53ನೇ ದಿನ ಮುಟ್ಟಾಯಿತು.