ಸೀಸದ ಸಿಪಾಯಿಗಳ ಸೇನಾಪತಿ

ವಿನ್‌ಸ್ಟನ್ ಚರ್ಚಿಲ್ಲನ ಹೆಸರು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲಂಡಿನ ಚುಕ್ಕಾಣಿ ಹಿಡಿದ ಆ ಪುರುಷನ ಮೊದಲ ಸೈನ್ಯವು ಸೀಸದ್ದಾಗಿತ್ತೆಂಬುದು ಮಾತ್ರ ಅನೇಕರಿಗೆ ತಿಳಿಯದು.

1874ರ ನವೆಂಬರ 30ರಂದು ಬ್ಲೆನ್‌ಹೈಮ್ ಅರಮನೆಯಲ್ಲಿ ಅವನ ಜನನ. ತಂದೆ ಲಾರ್ಡ್ ರ‍್ಯಾಂಡಾಲ್ಫ್ ಹೆಸರಾಂತ ರಾಜಕಾರಣಿ. ಮಗನೊಡನೆ ಮಾತಾಡಲು ಪುರಸತ್ತಿಲ್ಲದವನು. ನಮ್ಮ ಇಂಡಿ, ಸಿಂದಗಿ, ಬಾಗೇವಾಡಿ ಕಡೆಯ ಹುಡುಗರು ಮಣ್ಣೆತ್ತಿನ ಅಮವಾಸ್ಯೆಗೆ ಜೋಡೆತ್ತು ಮಾಡಿ ಹಿಗ್ಗುವಂತೆ ಈ ಬಾಲಕನು ಬಣ್ಣ ಬಳಿದ ಪುಟ್ಟ ಸಿಪಾಯಿಗಳನ್ನು ಕೂಡಿಸಿ ಹಿಗ್ಗುತ್ತಿದ್ದನು. ಒಂದಲ್ಲ, ಎರಡಲ್ಲ, ಸುಮಾರು 1500! ಎಲ್ಲವೂ ಒಂದೇ ಅಳತೆಯವು, ಎಲ್ಲರೂ ಬ್ರಿಟಿಷರು; ಕಾಲಾಳು, ರಾವುತರು, ಮೇಲೆ 18 ತೋಪು. ಎದುರಾಳಿ ತಮ್ಮ ಜ್ಯಾಕ್. ಅವನ ದಂಡಿನಲ್ಲಿ ಬಿಳಿಯರಲ್ಲದ ಸಿಪಾಯಿಗಳು ಮಾತ್ರ ಇರಬೇಕು, ತೋಪು ಇರಕೂಡದು ಎಂದು ಅಣ್ಣನೇ ಕರಾರು ಮಾಡಿದ್ದನು. ಗೆಲವು ಯಾರದೆಂದು ಹೇಳಬೇಕಾಗಿಲ್ಲ. ತೋಪಿಲ್ಲದ ಆ ದಂಡಿನ ಮೇಲೆಯೇ ನನ್ನ ಮನಸ್ಸು.

ಒಂದು ದಿನ ತಂದೆ ಬಂದು ಇಪ್ಪತ್ತು ನಿಮಿಷ ಆ ವ್ಯೂಹವನ್ನು ದಿಟ್ಟಿಸಿ, ಸೈನ್ಯ ಸೇರಲು ಇಷ್ಟವುಂಟೆ ಎಂದು ಕೇಳಿದನು. ಹುಡುಗನು ಕೂಡಲೆ ಒಪ್ಪಿದನು. ತಂದೆ ತನ್ನಲ್ಲಿ ಸೇನಾನಿಯ ಲಕ್ಷಣ ಕಂಡನೆಂದು ವರ್ಷಗಟ್ಟಲೆ ಬೀಗಿದನು. ವಕೀಲಿಗೆ ಸಾಲುವಷ್ಟು ಬುದ್ಧಿ ಮಗನಿಗಿಲ್ಲವೆಂದು ತಂದೆ ಎಣಿಸಿದ್ದನೆಂಬುದು ತರುವಾಯ ತಿಳಿಯಿತು! ಓದದ ತಂದೆಯ ಮಕ್ಕಳಾದ ನಮ್ಮಂಥವರ ಮೇಲೆ ಮನೆಯವರು ಬೆಟ್ಟದಷ್ಟು ಭರವಸೆ ಇಡುತ್ತಾರೆ. ಓದಿದ ಆ ತಂದೆಗೆ ಮಗನ ಮೇಲೆ ಎಳ್ಳಷ್ಟೂ ನಂಬಿಗೆಯಿರಲಿಲ್ಲ. ಯಾವ ಭಾರ ಹೆಚ್ಚಿನದೋ ನಾನರಿಯೆ.

ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ದಾಟಿದನು. 1895ರ ಜನವರಿ 24ರಂದು ತಂದೆ ತೀರಿಕೊಂಡನು. 1896ರಲ್ಲಿ ಕುದುರೆಯ ಪಡೆಯೊಡನೆ ಬೆಂಗಳೂರಿಗೆ ಬಂದ ತರುಣನು ಪೋಲೋ ಆಡಿದನು, ಗುಲಾಬಿ ಬೆಳೆಸಿದನು, ಚಿಟ್ಟೆಗಳನ್ನು ಕೂಡಿಸಿದನು (ಅವು ಇಲಿಯ ಪಾಲಾದವು). ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನು ಅಲ್ಲಿಯ ನಿಡಿದಾದ ಮಧ್ಯಾಹ್ನಗಳಲ್ಲಿ ಗಿಬ್ಬನ್, ಮೆಕಾಲೆಯರನ್ನು ತಾನಾಗಿ ಓದಿಕೊಂಡನು. 1953ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಪಡೆದವನ ಕಾಲೇಜು ಬೆಂಗಳೂರೇ ಎನ್ನಬೇಕು. ಊರು ಬಿಡುವಾಗ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಹೋದನು.

1940ರಲ್ಲಿ ಪ್ರಧಾನಿಯಾದನು, ಹಿಟ್ಲರನಿಗೆ ಮಣಿಯಲಿಲ್ಲ. ಆ ಧೈರ್ಯವನ್ನು ಮೆಚ್ಚದವರಾರು? ಆದರೆ ಅದೇ ಯುದ್ಧದಲ್ಲಿ ಭಾರತದ 25 ಲಕ್ಷ ಸಿಪಾಯಿಗಳು ದುಡಿದರೂ ನಮ್ಮ ಸ್ವಾತಂತ್ರ್ಯಕ್ಕೆ ಅವನು ಅಡ್ಡ ನಿಂತನು. 1943ರ ಬಂಗಾಲದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ದಿಲ್ಲಿಯಿಂದ ಮೊರೆ ಹೋದರೂ ಅವನ ಮಂತ್ರಿಮಂಡಲ ಕೇಳಿದಷ್ಟು ಧಾನ್ಯ ಕಳಿಸಲಿಲ್ಲ. ತಮ್ಮನೊಡನೆ ಮಾಡಿದ ಹಳೆಯ ಕರಾರನ್ನು ಮುದುಕನೂ ಮರೆತಿರಲಿಲ್ಲವೆಂದೇ ನನಗೆ ತೋರುತ್ತದೆ.

90 ವರ್ಷ ಬಾಳಿ 1965ರಲ್ಲಿ ತೀರಿಕೊಂಡನು. ಅಂದೂ ಜನವರಿ 24, ತಂದೆ ಸತ್ತ ದಿನ.